ನಾಮ್ ಬುನಿಯ ಬಾಗಿಲಿಗೆ ಹೋಗುವ ದಾರಿ

ಸಿಯೋಲ್‌ನ ನಮ್ಮ ಓಣಿಯಲ್ಲಿ ನಾಮ್ ಬುನಿ ಎಂಬ ಹೆಸರು ಅಂಚೆಯವನಿಗೆ ಗೊತ್ತು, ನನಗೆ ಗೊತ್ತು. ಉಳಿದವರಿಗೆಲ್ಲ ಅವಳು ದಾಲ್‌ರೆ. 'ಗೋಡೆಯಾಚೆಯ ನೆಂಟರು' ಎಂಬ ಟೀವಿ ಧಾರಾವಾಹಿಯಲ್ಲಿ ಹದಿನಾರು ವರ್ಷದಿಂದ ಪ್ರತಿ ಶನಿವಾರ ಸಂಜೆ ಬರುವ ಓಣಿಯ ಮುಖ್ಯಸ್ಥೆ ದಾಲ್‌ರೆ. ಒಂದು ವಾರ ನಾಯಿ ಬೊಗಳುವ ಜಗಳ, ಇನ್ನೊಂದು ವಾರ ಕಾರು ನಿಲ್ಲಿಸುವ ಜಾಗದಲ್ಲಿ ಮೆಣಸಿನಕಾಯಿ ಒಣಹಾಕಿದ ಜಗಳ. ಇಬ್ಬರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡ ಹೊತ್ತಿಗೆ ಸರಿಯಾಗಿ, ಹತ್ತಿ ತುಂಬಿದ ನೇರಳೆ ಅಂಗಿ ತೊಟ್ಟ ದಾಲ್‌ರೆ ತಟ್ಟೆ ಹಿಡಿದು ನಡುವೆ ನುಗ್ಗಿ "ಮೊದಲು ಊಟ, ಆಮೇಲೆ ಜಗಳ!" ಎನ್ನುತ್ತಾಳೆ. ಊಟವಾದ ಮೇಲೆ ಜಗಳ ನೆನಪಿರುವುದಿಲ್ಲ. ಐವತ್ತು ನಿಮಿಷಕ್ಕೆ ಎಲ್ಲವೂ ಸರಿಹೋಗುತ್ತದೆ, ಕೊನೆಯಲ್ಲಿ ಎಲ್ಲರೂ ತಬ್ಬಿಕೊಳ್ಳುತ್ತಾರೆ.

ನನ್ನದು ಓಣಿಯ ತಿರುವಿನಲ್ಲಿರುವ ಲಾಂಡ್ರಿ. ಮೂವತ್ತೊಂದು ವರ್ಷದಿಂದ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದೇನೆ. ಯಾರ ಮನೆಯ ಹೊದಿಕೆ ಎಷ್ಟು ದಿನಕ್ಕೊಮ್ಮೆ ನೀರು ಕಾಣುತ್ತದೆ ಎನ್ನುವುದೆಲ್ಲ ನನಗೆ ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೆ. ಬುನಿ ಅಕ್ಕನ ಮನೆ ನನ್ನ ಅಂಗಡಿಯ ಎದುರಿನ ಸಂದಿಯ ಕೊನೆಗಿದೆ. ಸಂದಿಯ ಒಂದು ಕಡೆ ಪ್ಯೋ ದೊಕ್ಸುವಿನ ಮನೆ, ಇನ್ನೊಂದು ಕಡೆ ಚರ್ಚಿನ ಇಟ್ಟಿಗೆ ಗೋಡೆ, ಕೊನೆಯಲ್ಲಿ ಅವಳ ನೀಲಿ ಗೇಟು. ಹೋಗಲೂ ಬರಲೂ ಅದೊಂದೇ ದಾರಿ.

ಅವಳು ಗುನ್ಸಾನ್ ಬಂದರಿನಲ್ಲಿ ಮೀನು ಮಾರುತ್ತಿದ್ದವರ ಮಗಳು. ಹತ್ತೊಂಬತ್ತಕ್ಕೆ ಮನೆ ಬಿಟ್ಟು ಸಿಯೋಲ್‌ಗೆ ಬಂದು ನಾಟಕದ ತಂಡ ಸೇರಿದಳು. ನೆಲಮಾಳಿಗೆಯ ಒಂದು ರಂಗಮಂದಿರದಲ್ಲಿ ಅವಳ ನಾಟಕವನ್ನು ನಾನು ಒಮ್ಮೆ ನೋಡಿದ್ದೆ. ಮಗನ ಹೆಣ ಕೊಡಿ ಎಂದು ಪೊಲೀಸರ ಬಾಗಿಲು ಬಡಿಯುವ ತಾಯಿಯ ಪಾತ್ರ. ಅವಳು ಕೂಗಿದಾಗ ನನ್ನ ಪಕ್ಕ ಕುಳಿತಿದ್ದವನು ಎದ್ದು ಹೊರಗೆ ಹೋಗಿಬಿಟ್ಟ, ತಡೆಯಲಾಗಲಿಲ್ಲ ಅವನಿಗೆ. ಅದೇ ತಂಡದಲ್ಲಿ ದೀಪ ನೋಡಿಕೊಳ್ಳುತ್ತಿದ್ದವನನ್ನು ಮದುವೆಯಾದಳು. ನಲವತ್ತೆಂಟನೆಯ ವಯಸ್ಸಿಗೆ ಟೀವಿಯವರು ಕರೆದರು. ಹದಿಮೂರು ವಾರದ ಕೆಲಸ ಎಂದಿದ್ದರು. ಜನ ಬಿಡಲಿಲ್ಲ.

ಆಮೇಲೆ ಬೇರೆ ಪಾತ್ರ ಒಂದೂ ಸಿಗಲಿಲ್ಲ. ಸಿನಿಮಾ ನಿರ್ದೇಶಕನೊಬ್ಬ ಕರೆಸಿ, ಓದಿಸಿ, ಮೆಚ್ಚಿಕೊಂಡು, ಕೊನೆಗೆ ಹೇಳಿದನಂತೆ: "ಅಮ್ಮಾ, ನೀವು ಹೆಣ ಎತ್ಕೊಂಡು ಬಂದ್ರೂ ಜನ ತಟ್ಟೆ ಎಲ್ಲಿ ಅಂತ ನೋಡ್ತಾರೆ." ಐದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಶವಸಂಸ್ಕಾರದ ಹಾಲ್‌ನಲ್ಲಿ ಒಬ್ಬ ಹೆಂಗಸು ಫೋಟೋದ ಮುಂದೆ ಎರಡು ಸಲ ಅಡ್ಡಬಿದ್ದು ಎದ್ದು, ಕರಿಬಟ್ಟೆಯಲ್ಲಿದ್ದ ಇವಳ ಕೈ ಹಿಡಿದು, "ಒಂದೇ ಒಂದ್ ಸಲ 'ಮೊದಲು ಊಟ' ಅನ್ನಿ" ಎಂದಳು. ಬುನಿ ಅಕ್ಕ ಅಂದಳು. ಬಂದವರು ನಕ್ಕು ಊಟಕ್ಕೆ ಕುಳಿತರು. ನಾನು ಅಲ್ಲೇ ಇದ್ದೆ. ನನಗೆ ಆ ಹೆಂಗಸಿನ ಮೇಲಲ್ಲ, ಅಂದುಬಿಟ್ಟ ಅಕ್ಕನ ಮೇಲೆ ಸಿಟ್ಟು ಬಂತು.

ಓಣಿಯವರೂ ಕಡಿಮೆಯೇನಲ್ಲ. ಕಸದ ಚೀಲ ಯಾರ ಬಾಗಿಲ ಮುಂದೆ ಇಟ್ಟರು ಎಂಬುದರಿಂದ ಹಿಡಿದು ಯಾರ ಬೆಕ್ಕು ಯಾರ ಮೀನು ತಿಂದಿತು ಎಂಬುದರವರೆಗೆ ಎಲ್ಲಕ್ಕೂ ಅವಳನ್ನೇ ಎಳೆದುಕೊಂಡು ಹೋಗುತ್ತಿದ್ದರು. "ತಮ್ಮಾ, ನಂಗೆ ಜಗಳ ಬಿಡ್ಸೋಕೆ ಎಲ್ ಬರುತ್ತೆ? ಬರ್ಕೊಟ್ಟಿದ್ದು ಹೇಳೋಕೆ ಬರುತ್ತೆ" ಎಂದು ನನ್ನ ಅಂಗಡಿಯಲ್ಲಿ ಗೊಣಗುವಳು. ಬಾಗಿಲಲ್ಲಿ ಯಾರಾದರೂ ತಲೆ ಹಾಕಿ "ಅಕ್ಕಾ, ಸ್ವಲ್ಪ ಬರ್ತೀರಾ?" ಎಂದರೆ ಎದ್ದು ಹೋಗುವಳು.

ಇನ್ನು ಪ್ಯೋ ದೊಕ್ಸು. ಅವನನ್ನು ಕೆಟ್ಟವನು ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಮನೆಯಲ್ಲಿ ಕೂತು ಹೊತ್ತು ಹೋಗದೆ, ಮೀನು ಮಾರುಕಟ್ಟೆಯಿಂದ ಥರ್ಮಾಕೋಲ್ ಡಬ್ಬಗಳನ್ನು ತಂದು, ಮಣ್ಣು ತುಂಬಿ ಸಂದಿಯಲ್ಲಿ ಸಾಲಾಗಿ ಇಟ್ಟ. ಮೊದಲ ವರ್ಷ ನಾಲ್ಕೇ ಡಬ್ಬ, ಲೆಟ್ಯೂಸ್ ಸೊಪ್ಪು. ಮೊದಲ ಕೊಯ್ಲನ್ನು ತಟ್ಟೆ ತುಂಬ ಹೇರಿಕೊಂಡು ಹೋಗಿ ಬುನಿ ಅಕ್ಕನ ಗೇಟು ತಟ್ಟಿದ. ತುಂಬಿ ಬಂದ ತಟ್ಟೆಯನ್ನು ನಮ್ಮಲ್ಲಿ ಯಾರೂ ಖಾಲಿ ವಾಪಸ್ ಕೊಡುವುದಿಲ್ಲ. ಅವಳು ಹೆಸರುಬೇಳೆ ನೆನೆಸಿ ರುಬ್ಬಿ ದೋಸೆ ಹುಯ್ದು ಅದೇ ತಟ್ಟೆಯಲ್ಲಿಟ್ಟು ಕಳಿಸಿದಳು.

ಎರಡನೆಯ ವರ್ಷ ಡಬ್ಬ ಹತ್ತಾದವು. ಮೂರನೆಯ ವರ್ಷ ಮೆಣಸಿನ ಗಿಡ, ಅದಕ್ಕೆ ಕೋಲು, ಕೋಲಿಗೆ ಹಗ್ಗ. ಆಮೇಲೆ ಕಿಮ್ಚಿ ಉಪ್ಪಿನಕಾಯಿ ಇಡುವ, ಟಾರ್ಪಾಲು ಹೊದಿಸಿದ ಹಳೆಯ ಫ್ರಿಜ್ಜು. ಡಬ್ಬ ಒಂದು ಗೇಣು ಮುಂದೆ ಬಂದಾಗಲೆಲ್ಲ ಸೊಪ್ಪಿನ ತಟ್ಟೆಯೂ ಬಂತು, ಅದು ತುಂಬಿಕೊಂಡೇ ವಾಪಸ್ಸೂ ಹೋಯಿತು. ಅವಳ ಮದುವೆಯ ಕಾಲದ ದಪ್ಪ ಹೊದಿಕೆಗಳನ್ನು ಹೇರಿಕೊಂಡು ಗೇಟಿನವರೆಗೆ ಹೋಗುತ್ತಿದ್ದ ನನ್ನ ಕೈಗಾಡಿ ಸಂದಿಯ ಬಾಯಲ್ಲೇ ನಿಲ್ಲತೊಡಗಿತು. ಆ ಶರತ್ಕಾಲದಲ್ಲಿ ದೊಕ್ಸು ಸರ್ವೆಯವರನ್ನು ಕರೆಸಿ ಅಳೆಸಿದ. ನಕ್ಷೆಯ ಪ್ರಕಾರ ಸಂದಿಯ ಅರ್ಧ ಅವನದೇ ಜಾಗ. ಅಲ್ಲಿ ತಗಡಿನ ಗೋಡೆ ಎಬ್ಬಿಸಿ, ಮೇಲೆ ಹೊದಿಸಿ, ಹೆಂಡತಿಯ ಕಿಮ್ಚಿ ಫ್ರಿಜ್ಜುಗಳಿಗೆ ಶೆಡ್ಡು ಮಾಡುತ್ತೇನೆ ಎಂದು ಹೊರಟ. ಡಬ್ಬಗಳಿಂದಾಗಿ ಬುನಿ ಅಕ್ಕ ಆಗಲೇ ತನ್ನ ಮನೆಗೆ ಮೈ ಅಡ್ಡ ಮಾಡಿಕೊಂಡು ಹೋಗುತ್ತಿದ್ದಳು, ಶೆಡ್ಡು ಎದ್ದರೆ ಅದೇ ಶಾಶ್ವತ.

ಅವಳು ನೇರವಾಗಿ ಅವನ ಬಾಗಿಲಿಗೆ ಹೋದಳು. ನಾನು ಅಂಗಡಿಯಿಂದಲೇ ನೋಡುತ್ತಿದ್ದೆ.

"ದೊಕ್ಸು, ಈ ಡಬ್ಬಗಳನ್ನ ತೆಗಿ. ನಂಗೆ ಓಡಾಡೋಕೆ ಆಗ್ತಿಲ್ಲ. ಶೆಡ್ಡು ಗಿಡ್ಡು ಏನೂ ಬೇಡ."

"ಅಯ್ಯೋ ಅಕ್ಕಾ!" ಅವನ ಮುಖ ಅರಳಿತು. "ಲೇ, ಬಾರೇ ಇಲ್ಲಿ, ಅಕ್ಕ ಬೈತಿದಾರೆ ನೋಡು, ಥೇಟ್ ಟೀವಿ ಥರಾನೇ!"

ಹೆಂಡತಿ ಫೋನ್ ಹಿಡಿದು ಓಡಿಬಂದಳು. "ಇನ್ನೊಂದ್ ಸಲ ಅನ್ನಿ ಅಕ್ಕಾ, ನಮ್ಮ ಮಗಳಿಗೆ ಕಳಿಸ್ಬೇಕು."

"ನಾನು ನಿಜವಾಗ್ಲೂ ಸಿಟ್ಟಾಗಿದೀನಿ."

"ಗೊತ್ತು ಬಿಡಿ! ಆ ಹುಬ್ಬು ನೋಡ್ರೀ, ಆ ಹುಬ್ಬು!"

ಅಲ್ಲಿಂದ ನನ್ನ ಅಂಗಡಿಗೆ ಬಂದವಳು ಗಿರಾಕಿಗಳಿಗೆಂದು ಇಟ್ಟ ಕನ್ನಡಿಯ ಮುಂದೆ ನಿಂತಳು. "ತಮ್ಮಾ, ನನ್ನ ಮುಖದಲ್ಲಿ ಏನಿದೆ ಹೇಳು" ಎಂದು ಕನ್ನಡಿಯನ್ನು ಗದರಿಸಿದಳು. ಎಡಹುಬ್ಬು ಮೇಲೆ ಹೋಯಿತು, ತುಟಿಯ ಒಂದು ತುದಿ ಕೆಳಗೆ ಬಂತು. ಥೇಟ್ ದಾಲ್‌ರೆ. ಒಂದೇ ಗೆರೆಗೆ ಹದಿನಾರು ವರ್ಷ ಇಸ್ತ್ರಿ ಬಿದ್ದ ಪ್ಯಾಂಟನ್ನು ಬೇರೆ ಗೆರೆಗೆ ಮಡಿಸಿದರೆ ನಿಲ್ಲುವುದಿಲ್ಲ.

"ಖಾಲಿ ತಟ್ಟೆ ಕಳ್ಸಿ ಅಕ್ಕ" ಎಂದೆ. "ಬೈಯೋದೇ ಬೇಡ. ತಾನಾಗೇ ಅರ್ಥ ಆಗುತ್ತೆ."

ಮರುದಿನ ಅವಳು ತಟ್ಟೆಯನ್ನು ತೊಳೆದು ಒರೆಸಿ, ಎದೆಗವಚಿ ಅವನ ಬಾಗಿಲಿನವರೆಗೆ ಹೋದಳು. ಕೈ ಎತ್ತಿದಳು, ಬಾಗಿಲು ಬಡಿಯಲಿಲ್ಲ. ತಿರುಗಿ ನನ್ನ ಅಂಗಡಿಗೆ ಬಂದು, ನನಗೆಂದು ಯಾರೋ ಕೊಟ್ಟಿದ್ದ ಪರ್ಸಿಮನ್ ಹಣ್ಣುಗಳಲ್ಲಿ ನಾಲ್ಕನ್ನು ಎತ್ತಿ ತಟ್ಟೆಯಲ್ಲಿಟ್ಟುಕೊಂಡಳು.

"ದಾಲ್‌ರೆ ಖಾಲಿ ತಟ್ಟೆ ಕೊಟ್ಲು ಅಂದ್ರೆ ಊರೆಲ್ಲ ಸುದ್ದಿ ಆಗುತ್ತೆ. ಟೀವಿ ಆಫೀಸಿಗೆ ಫೋನ್ ಹೋಗುತ್ತೆ ತಮ್ಮಾ."

"ಅಕ್ಕಾ, ತಟ್ಟೆ ಕಳಿಸೋದು ದಾಲ್‌ರೆ ಅಲ್ಲ, ನೀವು."

"ಹೌದಾ?" ಎಂದಳು. ಹಣ್ಣು ಹಿಡಿದುಕೊಂಡು ಹೋದಳು.

ಕೊನೆಗೆ ವಾರ್ಡ್ ಕಚೇರಿಯಲ್ಲಿ ಅರ್ಜಿ ಕೊಟ್ಟಳು. ನೆರೆಹೊರೆಯ ತಕರಾರು ಬಗೆಹರಿಸಲು ಅಲ್ಲೊಂದು ರಾಜಿ ಸಮಿತಿ ಇದೆ. ಗುಮಾಸ್ತ ಒಳ್ಳೆಯ ಮಾತನ್ನೇ ಹೇಳಿದ. ನಕ್ಷೆಯಲ್ಲಿ ಏನೇ ಇರಲಿ, ಗಾಡಿ ಓಡಾಡುವಷ್ಟು ದಾರಿ ಹಿಂದಿನಿಂದಲೂ ಇತ್ತು ಎಂದು ಒಬ್ಬ ಸಾಕ್ಷಿ ನಿಂತರೆ ಸಾಕು, ಅಷ್ಟು ದಾರಿಯನ್ನು ಬಿಡಲೇಬೇಕು. ಆದರೆ ಎರಡೂ ಕಡೆಯವರು ರಾಜಿಗೆ ಒಪ್ಪಿ ಸಹಿಯ ಬದಲಿನ ತಮ್ಮ ಹೆಸರಿನ ಮೊಹರು ಒತ್ತಿದರೆ ಮುಗಿಯಿತು, ಮತ್ತೆ ಕೆದಕುವಂತಿಲ್ಲ.

"ನಾನಿದ್ದೀನಲ್ಲ ಅಕ್ಕ" ಎಂದೆ. "ಮೂವತ್ತೊಂದು ವರ್ಷ ಆ ಸಂದೀಲಿ ಗಾಡಿ ತಳ್ಳಿದ್ದು ನಾನೇ ತಾನೆ? ಎದ್ದು ನಿಂತು ಹೇಳ್ತೀನಿ."

ಅವಳು ನನ್ನ ಕೈ ಹಿಡಿದುಕೊಂಡಳು. ಇಸ್ತ್ರಿಯ ಬಿಸಿಗೆ ಒರಟಾದ ಕೈಯನ್ನು ಯಾರೂ ಹಾಗೆ ಹಿಡಿದವರಿಲ್ಲ. ನನಗೆ ಹೆಮ್ಮೆಯಾಯಿತು.

ಸಭೆಗೆ ಇನ್ನೂ ಮೂರು ವಾರವಿತ್ತು. ಅಷ್ಟರಲ್ಲಿ ಅವಳು ಇನ್ನೊಂದು ಉಪಾಯ ಮಾಡಿದಳು. ಧಾರಾವಾಹಿಯ ಲೇಖಕಿ ಹ್ವಾಂಗ್‌ಬೊ ಎಂಬ ಹುಡುಗಿಯ ಹತ್ತಿರ ಹೋಗಿ ಡಬ್ಬ, ಶೆಡ್ಡು ಎಲ್ಲ ಹೇಳಿಕೊಂಡು, ಇದನ್ನೇ ಒಂದು ಕಂತು ಮಾಡು ಎಂದಳು. "ನನ್ನ ಮಾತು ಯಾರೂ ಕೇಳಲ್ಲ, ದಾಲ್‌ರೆ ಮಾತು ಕೇಳ್ತಾರೆ. ಶನಿವಾರ ಅವಳು ಡಬ್ಬ ತೆಗೆಸಿದ್ರೆ, ಭಾನುವಾರ ದೊಕ್ಸು ತಾನೇ ತೆಗೀತಾನೆ ನೋಡ್ತಿರು" ಎಂದು ನನಗೆ ಹೇಳುವಾಗ ಅವಳು ಹುಡುಗಿಯ ಹಾಗೆ ನಗುತ್ತಿದ್ದಳು. ನನಗೂ ಅದು ಸರಿಯೆನಿಸಿತ್ತು.

ಸ್ಕ್ರಿಪ್ಟು ಬಂತು. ಅವಳು ಮಾತು ಬಾಯಿಪಾಠ ಮಾಡುವುದು ನನ್ನ ಅಂಗಡಿಯಲ್ಲೇ. ನಾನು ಇಸ್ತ್ರಿ ಮಾಡುತ್ತ ಎದುರಿನವರ ಮಾತು ಓದುತ್ತೇನೆ, ಅವಳು ದಾಲ್‌ರೆಯದನ್ನು ಹೇಳುತ್ತಾಳೆ. ಆ ದಿನ ನನ್ನ ಪಾಲಿಗೆ ಬಂದದ್ದು ಸಂದಿಯ ಕೊನೆಯ ಮನೆಯ ಮುದುಕಿಯ ಮಾತು. ಓದುತ್ತ ಓದುತ್ತ ನನ್ನ ಕೈ ನಿಂತಿತು. ಮುದುಕಿ ಹಟಮಾರಿ, ಸಿಡುಕಿ. ಡಬ್ಬ ಇಟ್ಟವನು ಪಾಪದವನು. ಕೊನೆಯ ದೃಶ್ಯದಲ್ಲಿ ದಾಲ್‌ರೆ ಮುದುಕಿಯ ಕೈ ಹಿಡಿದು ಕಿರಿದಾದ ಸಂದಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆಸುತ್ತ ಹೇಳಬೇಕು: "ಅಡ್ಡ ನಡೆದ್ರೆ ಏನ್ ಹೋಯ್ತು? ಪಕ್ಕದ್ಮನೆಯವರ ಮುಖ ನೋಡ್ಕೊಂಡು ನಡೀಬೋದಲ್ವಾ!"

"ಇದೇನಕ್ಕಾ ಇದು?"

ಅವಳು ಕನ್ನಡಕ ತೆಗೆದು ಒರೆಸಿದಳು. "ಆ ಹುಡುಗೀನೇ ಕೇಳ್ದೆ. ಡಬ್ಬ ತೆಗೆಸಿದ್ರೆ ಒಬ್ರು ಸೋಲ್ತಾರೆ ಅಕ್ಕಾ, ನಮ್ ಕಥೇಲಿ ಯಾರೂ ಸೋಲ್ಬಾರ್ದು ಅಂದ್ಲು."

"ಆಗಲ್ಲ ಅನ್ನಿ. ಹೇಳಲ್ಲ ಅನ್ನಿ."

"ಮೀನಂಗಡಿ ಪಾತ್ರದವನು ಜ್ಞಾಪಕ ಇದಾನಾ? ಸ್ಕ್ರಿಪ್ಟು ಬದಲಾಯ್ಸಿ ಅಂದ. ಮುಂದಿನ ವಾರ ಅವನ ಪಾತ್ರ ಮಗಳ ಮನೆಗೆ ಅಂತ ಕೆನಡಾಕ್ಕೆ ಹೋಯ್ತು. ಎಂಟು ವರ್ಷ ಆಯ್ತು, ಇನ್ನೂ ಬಂದಿಲ್ಲ. ಅರವತ್ನಾಲ್ಕಕ್ಕೆ ನನ್ನ ಇನ್ಯಾರು ಕರೀತಾರೆ?"

"ಹಾಗಿದ್ರೆ ಕೆಟ್ಟದಾಗಿ ಮಾಡ್ಬಿಡಿ."

"ಅದು ನಂಗೆ ಬರಲ್ಲ ತಮ್ಮಾ" ಎಂದಳು. ಜಂಬದಿಂದ ಹೇಳಿದ್ದಲ್ಲ. "ಎಲ್ಲಿಂದ? ಮುದುಕಿ ಮಾತಿಂದ ಶುರು ಮಾಡು."

ಓದಿದೆ. ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ಆ ಕೊನೆಯ ಮಾತನ್ನು ಅವಳು ಎಷ್ಟು ಚೆನ್ನಾಗಿ ಹೇಳಿದಳೆಂದರೆ ಮುದುಕಿಯಾಗಿದ್ದ ನನಗೇ ಒಪ್ಪಿಬಿಡೋಣ ಅನ್ನಿಸಿತು.

ಸಭೆಯ ಹಿಂದಿನ ಶನಿವಾರ ಆ ಕಂತು ಬಂತು. ಓಣಿಯ ಹುರಿದ ಕೋಳಿಯ ಹೋಟೆಲಿನಲ್ಲಿ ಎಲ್ಲರೂ ಸೇರಿದ್ದರು. ಬುನಿ ಅಕ್ಕನನ್ನು ಎಳೆತಂದು ನಡುವಿನ ಮೇಜಿಗೆ ಕೂರಿಸಿದ್ದರು. ದಾಲ್‌ರೆ ಅಡ್ಡಡ್ಡ ನಡೆದಾಗ ಜನ ಮೇಜು ಬಡಿದು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ದೊಕ್ಸು ಕರವಸ್ತ್ರ ಹಿಡಿದು ಗೊಳೋ ಎಂದು ಅತ್ತ. ಎದ್ದು ಬಂದು ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡ.

"ಅಕ್ಕಾ, ನನಗೋಸ್ಕರಾನೇ ಅಲ್ವಾ ಇದು? ಬಾಯಿ ಬಿಟ್ಟು ಹೇಳೋಕಾಗ್ದೆ ಟೀವೀಲಿ ಹೇಳಿದ್ರಿ. ನಾನೆಂಥ ದಡ್ಡ!"

ಅವನು ನಾಟಕ ಆಡುತ್ತಿರಲಿಲ್ಲ. ಅವಳು ಮೂಲಂಗಿ ಉಪ್ಪಿನಕಾಯಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದಳು. ನುಂಗಿದರೆ ಮಾತನಾಡಬೇಕಾಗುತ್ತದಲ್ಲ.

ಬುಧವಾರ ಹನ್ನೊಂದು ಗಂಟೆಗೆ ಸಭೆ. ಅವಳು ನೇರಳೆ ಅಂಗಿ ಬಿಟ್ಟು ಕರಿಯ ಕೋಟು ಹಾಕಿಕೊಂಡು ಬಂದಳು. ಆ ಕೋಟಿಗೆ ನಾನೇ ಇಸ್ತ್ರಿ ಹಾಕಿದ್ದು. ಸಮಿತಿಯ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಸುದ್ದಿ ಹರಡಿ ಕಚೇರಿಯ ಕೆಲಸದವರೆಲ್ಲ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಹಿಂದೆ ಬಂದು ನಿಂತಿದ್ದರು.

"ದಾಲ್‌ರೆಯವರೇ ಅರ್ಜಿ ಕೊಟ್ಟಿದಾರೆ ಅಂದ್ರೆ ನಂಬೋಕೇ ಆಗ್ಲಿಲ್ಲ!" ಎಂದು ಅಧ್ಯಕ್ಷೆ ನಕ್ಕಳು. "ಪ್ಯೋ ಅವರೇ, ನೀವು ಮೊದಲು ಹೇಳಿ."

ದೊಕ್ಸು ಎದ್ದ. "ನಂದೇನೂ ಇಲ್ಲ ಮೇಡಂ. ಮೂರು ವರ್ಷದಿಂದ ನಮ್ಮನೆ ತಟ್ಟೆ ಅಕ್ಕನ ಮನೆಗೆ ಹೋಗಿದೆ. ಒಂದ್ ಸಲಾನೂ ಖಾಲಿ ವಾಪಸ್ ಬಂದಿಲ್ಲ. ಮನಸ್ಸಲ್ಲಿ ಬೇಜಾರ್ ಇದ್ದೋರು ಹಾಗೆ ಕಳಿಸ್ತಾರಾ? ಮೊನ್ನೆ ಶನಿವಾರ ಅಕ್ಕ ಹೇಳಿದ್ದನ್ನ ನೀವೂ ನೋಡಿದೀರಲ್ಲ. ಅದರ ಪ್ರಕಾರಾನೇ ಆಗ್ಲಿ."

ಬುನಿ ಅಕ್ಕ ಎದ್ದು ನಿಂತಳು.

"ನನ್ನ ಹೆಸರು ನಾಮ್ ಬುನಿ" ಎಂದಳು. ಅದು ದಾಲ್‌ರೆಯ ದನಿಯಲ್ಲ. ನೆಲಮಾಳಿಗೆಯ ರಂಗಮಂದಿರದಲ್ಲಿ ನಾನು ಕೇಳಿದ್ದ ದನಿ. "ನನ್ನ ಮನೆಗೆ ಅದೊಂದೇ ದಾರಿ. ತಟ್ಟೆ ತುಂಬಿಸಿ ಕಳಿಸಿದ್ದು ಮರ್ಯಾದೆಗೆ. ದಾರಿ ಬಿಟ್ಕೊಟ್ಟೆ ಅಂತ ಅಲ್ಲ. ಟೀವೀಲಿ ಹೇಳಿದ್ದು ನನ್ನ ಮಾತಲ್ಲ, ಬರ್ಕೊಟ್ಟಿದ್ದು. ದಿನಾ ನನ್ನ ಗೇಟಿನ ಹತ್ರ ನಿಂತು ಉಸಿರು ಬಿಗಿ ಹಿಡಿದು ಹೊರಗೆ ಬರ್ತೀನಿ. ನೀವೆಲ್ಲ ನಗ್ತೀರ." ಅಧ್ಯಕ್ಷೆಯ ಪೆನ್ನು ನಿಂತಿತ್ತು. ಇನ್ನೆರಡು ಮಾತು, ಆಮೇಲೆ ನನ್ನ ಸರದಿ ಎಂದು ನಾನು ಕುರ್ಚಿಯ ತುದಿಗೆ ಬಂದೆ. "ನಾಳೆ ನಾನು ಸತ್ರೆ ಹೊರಗೆ ಹೇಗೆ ತರ್ತೀರಾ? ಹೆಣಾನ ನಿಲ್ಲಿಸ್ಕೊಂಡು ತರ್ತೀರಾ?" ಎಂದು ಕೂಗಿದಳು. ಕೂಗಿದಾಗ ಎಡಹುಬ್ಬು ಮೇಲೆ ಹೋಯಿತು.

ಹಿಂದಿನಿಂದ ಯಾರೋ ಮೆಲ್ಲಗೆ ಅಂದರು: "ಅಡ್ಡ ನಡೆದ್ರೆ ಏನ್ ಹೋಯ್ತು?"

ಇಡೀ ಕೋಣೆ ಘೊಳ್ಳೆಂದಿತು. ಕಾಫಿ ಚೆಲ್ಲಿತು. ಅಧ್ಯಕ್ಷೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಚಪ್ಪಾಳೆ ಬಿತ್ತು. ಬುನಿ ಅಕ್ಕ ತಿರುಗಿ ನನ್ನನ್ನು ನೋಡಿದಳು.

ನಾನೂ ನಗುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಿಲ್ಲಿಸಲು ನೋಡಿದೆ, ಆಗಲಿಲ್ಲ.

"ಹಾಗಾದ್ರೆ ರಾಜಿ ಅಂತ ಬರ್ಕೊಳ್ಳಲಾ?" ಅಧ್ಯಕ್ಷೆ ಕಣ್ಣೊರೆಸಿಕೊಳ್ಳುತ್ತ ಕೇಳಿದಳು. "ಬೇರೆ ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?"

ನಾನು ಏಳಬೇಕಿತ್ತು. ಎದ್ದು, ಗಾಡಿ, ಮೂವತ್ತೊಂದು ವರ್ಷ, ಇಷ್ಟು ಹೇಳಿದ್ದರೆ ಸಾಕಿತ್ತು. ಆ ನಗುವಿನ ಮುಖ ಹೊತ್ತುಕೊಂಡು ಎದ್ದರೆ ನನ್ನ ಮಾತಿಗೂ ನಗುತ್ತಾರೆ ಎಂದು ಹೆದರಿದೆ. ದೊಕ್ಸು ನನ್ನ ಕಡೆ ನೋಡಿ ಸ್ನೇಹದಿಂದ ತಲೆಯಾಡಿಸಿದ. ಅವನ ಸೊಪ್ಪನ್ನು ನಾನೂ ತಿಂದವನೇ. ಇನ್ನೊಂದು ಕ್ಷಣ ಕಾಯೋಣ, ನಗು ಅಡಗಲಿ ಎಂದುಕೊಂಡು ಕುಳಿತೇ ಇದ್ದೆ. ಅಷ್ಟರಲ್ಲಿ ಗುಮಾಸ್ತ ರಾಜಿಯ ಕಾಗದವನ್ನು ಬುನಿ ಅಕ್ಕನ ಮುಂದೆ ಸರಿಸಿದ. ಅವಳು ಕೋಣೆಯನ್ನೆಲ್ಲ ಒಮ್ಮೆ ನೋಡಿ, ಚೀಲದಿಂದ ಮೊಹರು ತೆಗೆದು, ಬಾಯಿಯಿಂದ ಊದಿ, ಒತ್ತಿದಳು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು. "ಮೊದಲು ಊಟ" ಎಂದು ಅವಳಿಂದ ಅನ್ನಿಸಿದರು.

ವಾಪಸ್ ಬರುವಾಗ ನಾವಿಬ್ಬರೇ ಇದ್ದೆವು. ಸಂದಿಯ ಬಾಯಿಗೆ ಬಂದಾಗ ಅವಳು ಕೇಳಿದಳು.

"ಗಾಡಿ ವಿಷಯ ಹೇಳೋಕೆ ಬಂದಿದ್ದೆ ಅಲ್ವಾ ನೀನು?"

"ಹೇಳೋಕೆ ಬಿಡ್ಲಿಲ್ಲ ಅಕ್ಕ."

"ಯಾರು?"

ನಾನು ಅಂಗಡಿಯ ಬೀಗದ ಕೈಗೆ ಜೇಬು ತಡಕಿದೆ. ಅವಳು ಮೈ ಅಡ್ಡ ಮಾಡಿಕೊಂಡು ಒಳಗೆ ಹೋದಳು.